ಕರೆಂಟ್ ಕೊಡೋಕೆ ಹೋಗಿ ಕರೆಂಟ್ ತೆಗೆದೆ

(ವಾರ್ಷಿಕ ಸಮಾವೇಶದಲ್ಲಿ ಆಡಿದ ಮಾತು)

ನಾನು ಭಾಷಣ ಮಾಡೋನಲ್ಲ. ಬಾಗಲಕೋಟೆ ಜಿಲ್ಲೆಯವನು. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಮಸ್ಕತ್‌ಗೆ ಬಂದೆ. ಶಾಹೀನ್ ಚಂಡಮಾರುತ ಆದಮೇಲೆ ಚರ್ಚಿನವರ ಜೊತೆ ಸೇವೆಗೆ ಹೋಗಿದ್ದನ್ನು ಹೇಳು ಅಂತ ಕಮಿಟಿಯವರು ಕೇಳಿದರು. ಅದನ್ನೇ ಹೇಳ್ತೀನಿ.

2021ರ ಅಕ್ಟೋಬರ್ 3ರಂದು ಶಾಹೀನ್ ಒಮಾನಿನ ಬಾತಿನಾ ಕರಾವಳಿಗೆ ಬಡಿಯಿತು. ಆಂಧ್ರ-ಒಡಿಶಾ ಕಡೆ ನೆಲಕ್ಕೆ ನುಗ್ಗಿದ ಗುಲಾಬ್ ಚಂಡಮಾರುತದ್ದೇ ಉಳಿಕೆ ಅದು. ಭಾರತ ದಾಟಿ ಅರಬ್ಬಿ ಸಮುದ್ರಕ್ಕಿಳಿದು ಮತ್ತೆ ಬಲ ತಗೊಂಡಿತ್ತು. ಖಾಬೂರಾದಲ್ಲಿ ಒಂದೇ ದಿನ 369 ಮಿಲಿಮೀಟರ್ ಮಳೆ. ನಮ್ಮ ಬಾಗಲಕೋಟೆ ಕಡೆ ವರ್ಷವಿಡೀ ಬೀಳೋ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು!

ನಮ್ಮ ಸೈಟಿನ ಪ್ಲಂಬರ್ ಒಬ್ಬರು ಮಂಗಳೂರಿನವರು, ಕ್ಯಾಥೊಲಿಕ್. "ಶುಕ್ರವಾರ ನಮ್ಮ ಚರ್ಚಿನಿಂದ ಎರಡು ಗಾಡಿ ಹೊರಡ್ತದೆ ಮಾರಾಯ. ಕೆಸರು ತೆಗೀಲಿಕ್ಕೆ ಜನ ಉಂಟು, ಕರೆಂಟ್ ನೋಡುವವರಿಲ್ಲ. ನೀನು ಬಾ" ಅಂದರು.

ರೂಮಿನ ಗೆಳೆಯ, "ನಿನಗ್ಯಾಕಲೇ ಚರ್ಚಿನವರ ಉಸಾಬರಿ? ವಾರಕ್ಕೊಂದು ರಜಾ, ಮಲಕೋ" ಅಂದ. ನನಗೂ ಹಂಗೇ ಅನಿಸಿತ್ತು. ಆದರೆ 2019ರ ಆಗಸ್ಟ್ ನೆನಪಾಯಿತು. ಮಲಪ್ರಭೆ ಉಕ್ಕಿ ನಮ್ಮನೆಗೆ ನೀರು ಹೊಕ್ಕಾಗ ನಾನು ಇಲ್ಲಿದ್ದೆ, ಅವ್ವ ಗಂಜಿ ಕೇಂದ್ರದಲ್ಲಿದ್ದಳು. ಮನೆ ತುಂಬ ರಾಡಿ. ಯಾರೋ ಹುಡುಗರು ಬಂದು ಬಳಿದು ಹೋದರು. "ಯಾರ ಮಕ್ಕಳೋ ಏನೋ, ಒಂದು ಕಪ್ ಚಾನೂ ಕುಡೀಲಿಲ್ಲ" ಅಂತ ಅವ್ವ ಇವತ್ತಿಗೂ ಹೇಳ್ತಾಳೆ. ಆ ಸಾಲ ನನ್ನ ತಲೆ ಮೇಲಿತ್ತು. ಕಂಪನಿಗೆ ಹೇಳಿ ಹೊರಟೆ.

ಹೊರಡುವ ಮೊದಲು ಅವರು ಸಣ್ಣ ಪ್ರಾರ್ಥನೆ ಮಾಡಿದರು, ನಾನು ಕೈಕಟ್ಟಿ ನಿಂತೆ. ತಂಡದ ಹಿರಿಯರು ಹೇಳಿದ್ದು ಎರಡೇ ಮಾತು: ಅಲ್ಲಿ ಧರ್ಮದ ಮಾತು ಬೇಡ, ಯಾರಿಂದಲೂ ದುಡ್ಡು ಬೇಡ.

ಖಾಬೂರಾದಲ್ಲಿ ಒಂದು ಮನೆ. ಗೋಡೆ ಮೇಲೆ ಎದೆ ಮಟ್ಟಕ್ಕೆ ನೀರಿನ ಗೆರೆ. ಆದರೆ ಒಳಗೆ ಆಗಲೇ ಫ್ಯಾನ್ ತಿರುಗ್ತಿದೆ! ಡಿಬಿ ತೆಗೆದು ನೋಡಿದೆ. ಇಎಲ್‌ಸಿಬಿ ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ಅದನ್ನು ಬಿಟ್ಟು ನೇರ ವೈರ್ ಕೊಟ್ಟು ಹೋಗಿದ್ದರು. ವಾಷಿಂಗ್ ಮೆಷಿನ್ ಮೈಗೆ ಟೆಸ್ಟರ್ ಇಟ್ಟರೆ ದೀಪ ಹತ್ತಿತು. ಪಕ್ಕದಲ್ಲೇ ಹಸಿ ನೆಲದ ಮೇಲೆ ಮಗುವೊಂದು ಬರಿಗಾಲಲ್ಲಿ ಓಡಾಡ್ತಿತ್ತು. ನಾನು ಕೇಳಲೂ ಇಲ್ಲ, ಹೇಳಲೂ ಇಲ್ಲ, ಮೇನ್ ಆಫ್ ಮಾಡಿದೆ.

ಮನೆ ಯಜಮಾನರಿಗೆ ಸಿಟ್ಟು ಬಂತು. ಅವರಿಗೆ ಹಿಂದಿ ಬರ್ತಿತ್ತು. "ಒಳಗೆ ನಮ್ಮ ತಾಯಿ ಸೆಕೆಗೆ ಒದ್ದಾಡ್ತಿದ್ದಾಳೆ. ನೀವು ಸಹಾಯಕ್ಕೆ ಬಂದವರೋ, ಇದ್ದ ಕರೆಂಟ್ ತೆಗೆಯೋಕೆ ಬಂದವರೋ?" ಅಂದರು. ನಮ್ಮ ತಂಡದವರೂ ನನ್ನ ಮುಖ ನೋಡಿದರು. "ಸಂಜೆವರೆಗೆ ಟೈಮ್ ಕೊಡಿ" ಅಂದೆ.

ಇಎಲ್‌ಸಿಬಿ ಮತ್ತೆ ಸೇರಿಸಿ, ಎಲ್ಲಾ ಎಂಸಿಬಿ ಆಫ್ ಮಾಡಿದರೂ ಅದು ನಿಲ್ಲಲಿಲ್ಲ. ಅರ್ಧ ಗಂಟೆ ಒದ್ದಾಡಿದೆ. ಆಮೇಲೆ ಐಟಿಐ ಮಾಸ್ತರರ ಪಾಠ ನೆನಪಾಯಿತು: ಎಂಸಿಬಿ ಕಡಿಯೋದು ಫೇಸ್ ಮಾತ್ರ, ನ್ಯೂಟ್ರಲ್ ಹಂಗೇ ಇರುತ್ತೆ. ನೀರು ತುಂಬಿದ ಸಾಕೆಟ್ಟಿನಲ್ಲಿ ನ್ಯೂಟ್ರಲ್ ಅರ್ತ್‌ಗೆ ತಾಗಿದ್ದರೂ ಟ್ರಿಪ್ ಆಗುತ್ತೆ. ಮೇನ್ ತೆಗೆದು, ಒಂದೊಂದು ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ ಎರಡನ್ನೂ ಬಿಚ್ಚಿ ಮೆಗ್ಗರ್ ಹಾಕಿದೆ. ಕೆಳಗಿನ ಸಾಕೆಟ್ ಲೈನುಗಳೆಲ್ಲ ಸೊನ್ನೆ. ಮೇಲಿನ ಲೈಟು-ಫ್ಯಾನಿನ ಲೈನ್ ಮಾತ್ರ ಚೆನ್ನಾಗಿತ್ತು. ಅದೊಂದನ್ನೇ ಇಎಲ್‌ಸಿಬಿ ಮೂಲಕ ಕೊಟ್ಟೆ. ಉಳಿದವನ್ನು ಬಿಚ್ಚಿಟ್ಟು ಟೇಪ್ ಸುತ್ತಿ, ಏನೇನು ಬದಲಾಯಿಸಬೇಕು ಅಂತ ಚೀಟಿ ಬರೆದು, ಲೈಸೆನ್ಸ್ ಇದ್ದವರಿಂದ ಮಾಡಿಸಿ ಅಂದೆ. ಮೀಟರಿನಿಂದ ಆಚೆ ಕರೆಂಟ್ ಕಂಪನಿಯವರದು, ಅದನ್ನು ಮುಟ್ಟಲಿಲ್ಲ.

ಸಂಜೆ ಫ್ಯಾನ್ ತಿರುಗಿತು. ಏಸಿ ಇಲ್ಲ, ಫ್ರಿಜ್ ಇಲ್ಲ. ಯಜಮಾನರು ಪೂರ್ತಿ ಖುಷಿಯೇನೂ ಆಗಲಿಲ್ಲ. ಆದರೆ ಹೊರಡುವಾಗ ಕಹ್ವಾ, ಖರ್ಜೂರ ತಂದಿಟ್ಟರು. ಅವ್ವನ ಮಾತು ನೆನಪಾಗಿ, ಬೇಡ ಅನ್ನದೆ ಕುಡಿದೆ.

ಗೆಳೆಯರೇ, ನೆರೆ ಬಂದಾಗ ಅಕ್ಕಿ, ಬಟ್ಟೆ ಕೊಡೋರು ಸಿಗ್ತಾರೆ. ನಮ್ಮ ಹತ್ತಿರ ಕಸುಬು ಇದೆ. ಪ್ಲಂಬರ್, ಮೇಸ್ತ್ರಿ, ಡ್ರೈವರ್, ನರ್ಸ್ ಎಲ್ಲರೂ ಈ ಹಾಲ್‌ನಲ್ಲೇ ಇದ್ದೀರಿ. ಯಾರು ಕರೆದರು ಅಂತ ನೋಡಬೇಡಿ, ಏನು ಕೆಲಸಕ್ಕೆ ಕರೆದರು ನೋಡಿ. ನನ್ನ ಕಸುಬಿನಲ್ಲಿ ಕೆಲವೊಮ್ಮೆ "ಈಗಲೇ ಆಗಲ್ಲ" ಅನ್ನೋದೇ ಸೇವೆ.

ಊರಿಗೆ ಫೋನ್ ಮಾಡಿದಾಗ ಇಷ್ಟು ಹೇಳಿ: ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬೇಡಿ, ಲೈನ್‌ಮನ್ ಕರೀರಿ. ನೀರು ಇಳಿದ ಮನೆಯಲ್ಲಿ ಚೆಕ್ ಮಾಡಿಸದೆ ಕರೆಂಟ್ ಹಾಕಬೇಡಿ. ಟ್ರಿಪ್ ಆದರೆ ಅದನ್ನು ಬೈಪಾಸ್ ಮಾಡಬೇಡಿ, ಅದು ಜೀವ ಕಾಯ್ತಿದೆ. ನಾನು ಹೋದ ರಜೆಯಲ್ಲಿ ಅವ್ವನ ಮನೆಗೆ 30 ಮಿಲಿಆಂಪಿಯರಿನದೊಂದು ಹಾಕಿ ಬಂದೆ. ಇಷ್ಟು ವರ್ಷ ಊರವರ ಮನೆಗೆಲ್ಲ ಹಾಕಿದ್ದೆ, ನಮ್ಮನೆಗೇ ಹಾಕಿರಲಿಲ್ಲ.