ತೆಳುಗೋಡೆಯ ಉಕ್ಕಿನ ಎಲುಬು



ಹುಬ್ಬಳ್ಳಿ-ಧಾರವಾಡದ ಹೊಸ ಅಂಗಡಿ, ಕಚೇರಿಗಳಿಗೆ ಹೋದಾಗ ಒಳಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ. ಕೆಲವೆಡೆ ಪೊಳ್ಳು ಸದ್ದು ಕೇಳಿಸುತ್ತದೆ. ಅದು ಇಟ್ಟಿಗೆ ಗೋಡೆಯಲ್ಲ. ಒಳಗೆ ಉಕ್ಕಿನ ತಗಡಿನ ಚೌಕಟ್ಟು, ಎರಡೂ ಬದಿಗೆ ಜಿಪ್ಸಮ್ ಹಲಗೆ. ಇದು ಹೇಗೆ ನಿಲ್ಲುತ್ತದೆ, ಎಷ್ಟನ್ನು ಹೊರಬಲ್ಲದು ಎಂಬುದನ್ನು ನೋಡೋಣ.

ಈ ತಗಡಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ತುಕ್ಕು ಹಿಡಿಯದಂತೆ ಸತುವಿನ ಲೇಪ ಇರುತ್ತದೆ. ನೆಲಕ್ಕೂ ಮೇಲಿನ ಸ್ಲ್ಯಾಬಿಗೂ ಒಂದೊಂದು ಪಟ್ಟಿ ಬಿಗಿದು, ನಡುವೆ ಇಂಗ್ಲಿಷಿನ ‘ಸಿ’ ಅಕ್ಷರದಂತೆ ಮಡಿಸಿದ ಕಂಬಗಳನ್ನು ಸುಮಾರು ಎರಡು ಅಡಿಗೊಂದರಂತೆ ನಿಲ್ಲಿಸುತ್ತಾರೆ. ಇವೇ ಸ್ಟಡ್‌ಗಳು.

ಮಡಿಸುವುದೇಕೆ? ಎರಡು ಪುಸ್ತಕಗಳ ನಡುವೆ ಅಂಚೆ ಕಾರ್ಡೊಂದನ್ನು ಸೇತುವೆಯಂತೆ ಇಟ್ಟು, ಮೇಲೆ ನಾಣ್ಯಗಳನ್ನು ಇಡಿ. ಕಾರ್ಡು ಬಾಗುತ್ತದೆ. ಈಗ ಅದರ ಉದ್ದದ ಅಂಚುಗಳನ್ನು ಮಡಿಸಿ ಮತ್ತೆ ಇಡಿ. ಅದೇ ಕಾರ್ಡು ಹೆಚ್ಚು ನಾಣ್ಯ ಹೊರುತ್ತದೆ. ವಸ್ತು ಹೆಚ್ಚಲಿಲ್ಲ, ಆಕಾರ ಬದಲಾಯಿತು. ಆಯತಾಕಾರದ ಪಟ್ಟಿಯ ಎತ್ತರ ಎರಡರಷ್ಟಾದರೆ ಅದು ಬಾಗುವಿಕೆಯನ್ನು ಎಂಟರಷ್ಟು ತಡೆಯುತ್ತದೆ. ತಗಡಿನ ಕಂಬದ ಗುಟ್ಟೂ ಇದೇ.

ಇನ್ನು ಜಿಪ್ಸಮ್. ಇದರ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಹರಳಿನೊಳಗೆ ಸೇರಿಕೊಂಡ ನೀರು. ಬೆಂಕಿ ತಗಲಿದಾಗ ಶಾಖ ಮೊದಲು ಈ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹೀಗೆ ಒಳಗಿನ ಉಕ್ಕು ಕೆಲಕಾಲ ರಕ್ಷಣೆ ಪಡೆಯುತ್ತದೆ.

ಗಿಲಾವು ಮಾಡಿದ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ ಚದರ ಮೀಟರಿಗೆ ಸುಮಾರು 250 ಕಿಲೋಗ್ರಾಂ ತೂಗಿದರೆ, ಈ ಗೋಡೆ ಸುಮಾರು 25 ಕಿಲೋಗ್ರಾಂ ಮಾತ್ರ. ಕಟ್ಟಡಕ್ಕೆ ಭಾರ ಕಡಿಮೆ. ಆದರೆ ಹಗುರವಾದದ್ದು ಮೇಲಿನ ಭಾರವನ್ನೂ ಹೊರುತ್ತದೆ ಎಂದು ತಿಳಿಯಬಾರದು.

ನಮ್ಮ ಭಾಗದ ಹಳೆಯ ಮಾಳಿಗೆ ಮನೆಗಳನ್ನು ನೆನೆಯಿರಿ. ಅಲ್ಲಿ ಜಂತಿಯ ಭಾರ ತೊಲೆಗೆ, ತೊಲೆಯ ಭಾರ ಕಂಬಕ್ಕೆ, ಕಂಬದ್ದು ನೆಲಕ್ಕೆ ಇಳಿಯುತ್ತದೆ. ತೆಳುಗೋಡೆಗೆ ಈ ಸಾಲಿನಲ್ಲಿ ಸ್ಥಾನವಿಲ್ಲ. ಅದು ಬರೀ ಮರೆ. ತಗಡಿನ ಚೌಕಟ್ಟಿನ ಒಳಛಾವಣಿಯಂತೂ ಸ್ಲ್ಯಾಬಿಗೆ ತಾನೇ ಜೋತುಬಿದ್ದಿರುತ್ತದೆ. ಆದ್ದರಿಂದ ಫ್ಯಾನಿನ ಕೊಂಡಿ ಸ್ಲ್ಯಾಬಿಗೇ ಸೇರಬೇಕು, ಈ ಚೌಕಟ್ಟಿಗಲ್ಲ. ಗೋಡೆಗೆ ಕಪಾಟು ತೂಗುಹಾಕುವುದಾದರೆ ಹಲಗೆ ಮುಚ್ಚುವ ಮೊದಲೇ ಒಳಗೆ ಹೆಚ್ಚಿನ ಆಧಾರ ಕೊಡಬೇಕು.

ಕಟ್ಟಡದ ಭಾರ ಎಷ್ಟು ಗಂಭೀರ ವಿಷಯವೆಂಬುದನ್ನು ನಮ್ಮ ಅವಳಿ ನಗರ ನೋವಿನಿಂದಲೇ ಬಲ್ಲದು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣದಲ್ಲಿದ್ದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಪ್ರಾಣ ಕಳೆದುಕೊಂಡರು.

ನಿಮ್ಮ ಮನೆಯಲ್ಲಿ ಹಳೆಯ ಗೋಡೆ ಕೆಡವಿ ತೆಳುಗೋಡೆ ಹಾಕುವ ಮಾತು ಬಂದರೆ ಒಂದು ಪ್ರಶ್ನೆ ಕೇಳಿ: ಕೆಡವಲಿರುವ ಗೋಡೆ ಮೇಲಿನ ಭಾರ ಹೊತ್ತಿದೆಯೇ? ಉತ್ತರವನ್ನು ಸಿವಿಲ್ ಎಂಜಿನಿಯರರಿಂದ ಪಡೆಯಿರಿ. ಸುತ್ತಿಗೆ ಆಮೇಲೆ ಎತ್ತಿದರಾಯಿತು.