ಪರಿಹಾರಕ್ಕೆ ಮೊದಲಿನ ಕರ್ತವ್ಯ



ದುರಂತದ ಸುದ್ದಿ ಕೇಳಿ ಮಿಡಿಯುವ ಹೃದಯ ನಮ್ಮ ಸಮುದಾಯಕ್ಕಿದೆ. ಜುಮಾ ನಮಾಝಿನ ಬಳಿಕ ಸಂತ್ರಸ್ತರಿಗಾಗಿ ಕೈಚಾಚಿದರೆ ಬಡವನೂ ಜೇಬಿಗೆ ಕೈ ಹಾಕುತ್ತಾನೆ. ಆದರೆ ದುರಂತ ಬರುವುದಕ್ಕೆ ಮುಂಚೆ ನಾವೇನು ಮಾಡಬೇಕೆಂಬ ಚರ್ಚೆ ನಮ್ಮಲ್ಲಿ ಅಪರೂಪ. ಈ ವಿಷಯದಲ್ಲಿ ಫಿಲಿಪ್ಪೀನ್ಸಿನ ಅನುಭವವು ಕಣ್ತೆರೆಸುವಂತಿದೆ.

2013ರ ನವೆಂಬರ್ 8ರಂದು ಹೈಯಾನ್ ಚಂಡಮಾರುತವು ಆ ದೇಶದ ಮಧ್ಯಭಾಗದ ದ್ವೀಪಗಳಿಗೆ ಅಪ್ಪಳಿಸಿತು. ಸರಕಾರಿ ಲೆಕ್ಕದಂತೆ 6,300 ಮಂದಿ ಮೃತಪಟ್ಟರು. ಸಾವಿರಕ್ಕೂ ಮಿಕ್ಕಿ ಜನರು ನಾಪತ್ತೆಯಾದರು. ಸುಮಾರು 40 ಲಕ್ಷ ಮಂದಿ ಮನೆಮಠ ತೊರೆಯಬೇಕಾಯಿತು. ಹಾಗಾದರೆ ಮುನ್ಸೂಚನೆ ಇರಲಿಲ್ಲವೇ? ಖಂಡಿತ ಇತ್ತು. ಹಿಂದಿನ ದಿನವೇ ಅಧ್ಯಕ್ಷ ಬೆನಿಗ್ನೊ ಅಕಿನೊ ಅವರು ದೂರದರ್ಶನದಲ್ಲಿ ಜನರನ್ನು ಎಚ್ಚರಿಸಿದ್ದರು. ಆದರೆ ಎಚ್ಚರಿಕೆಯಲ್ಲಿದ್ದ 'ಸ್ಟಾರ್ಮ್ ಸರ್ಜ್' ಎಂಬ ಪದ ಅನೇಕರಿಗೆ ಅರ್ಥವಾಗಲಿಲ್ಲ. ಗಾಳಿಯ ರಭಸಕ್ಕೆ ಕಡಲೇ ಎದ್ದು ಊರೊಳಗೆ ನುಗ್ಗುತ್ತದೆಂದು ಅವರು ಭಾವಿಸಿರಲಿಲ್ಲ. ಸುನಾಮಿ ಬರುತ್ತದೆಂದು ಹೇಳಿದ್ದರೆ ಓಡಿಹೋಗುತ್ತಿದ್ದೆವು ಎಂದು ಬದುಕುಳಿದವರು ಆಮೇಲೆ ಹೇಳಿದರು. ತಕ್ಲೋಬಾನ್ ನಗರದಲ್ಲಿ ಆಶ್ರಯ ಕೇಂದ್ರಗಳೆಂದು ಗುರುತಿಸಿದ್ದ ಕಟ್ಟಡಗಳೊಳಗೂ ನೀರು ನುಗ್ಗಿ, ರಕ್ಷಣೆಗಾಗಿ ಬಂದವರೇ ಪ್ರಾಣ ತೆತ್ತರು.

ಪರಿಹಾರ ಕಾರ್ಯದ ಕಥೆಯೂ ಅಷ್ಟೇ ನೋವಿನದು. ರಸ್ತೆಗಳು ಮರ ಮತ್ತು ಅವಶೇಷಗಳಿಂದ ಮುಚ್ಚಿಹೋಗಿದ್ದವು. ವಿಮಾನ ನಿಲ್ದಾಣ ಧ್ವಂಸವಾಗಿತ್ತು. ನೆರವಾಗಬೇಕಿದ್ದ ಪೊಲೀಸರೂ ನೌಕರರೂ ಸ್ವತಃ ಸಂತ್ರಸ್ತರಾಗಿದ್ದರು. ಅಲಂಗಲಾಂಗ್ ಎಂಬಲ್ಲಿ ಹಸಿದ ಜನರು ಸರಕಾರಿ ಅಕ್ಕಿ ಗೋದಾಮಿಗೆ ನುಗ್ಗಿದಾಗ ಗೋಡೆ ಕುಸಿದು 8 ಮಂದಿ ಸತ್ತರು. ಅಕ್ಕಿ ಇತ್ತು, ಅದನ್ನು ಹಸಿದವನಿಗೆ ತಲುಪಿಸುವ ವ್ಯವಸ್ಥೆ ಇರಲಿಲ್ಲ.

ಆ ದೇಶ ಪಾಠ ಕಲಿಯಿತು. 2014ರ ಡಿಸೆಂಬರಿನಲ್ಲಿ ಹಗುಪಿಟ್ ಚಂಡಮಾರುತ ಬಂದಾಗ ಹತ್ತು ಲಕ್ಷಕ್ಕೂ ಮಿಕ್ಕಿ ಜನರನ್ನು ಮೊದಲೇ ಸ್ಥಳಾಂತರಿಸಲಾಯಿತು. ಸಾವುಗಳು ಹಿಂದಿನದಕ್ಕೆ ಹೋಲಿಸಲಾಗದಷ್ಟು ಕಡಿಮೆಯಾದವು. ಬಾಂಗ್ಲಾದೇಶದ ಉದಾಹರಣೆಯೂ ಇದೆ. 1970ರ ಚಂಡಮಾರುತದಲ್ಲಿ ಅಲ್ಲಿ ಲಕ್ಷಾಂತರ ಜನರು ಸತ್ತರು. 1972ರಲ್ಲಿ ರೆಡ್ ಕ್ರಾಸ್ ನೆರವಿನಿಂದ ಸ್ವಯಂಸೇವಕರ ಪಡೆ ಕಟ್ಟುವ ಕೆಲಸ ಆರಂಭವಾಯಿತು. ಇಂದು ಅಲ್ಲಿ ಮಸೀದಿಯ ಧ್ವನಿವರ್ಧಕವೂ ಚಂಡಮಾರುತದ ಎಚ್ಚರಿಕೆಯನ್ನು ಜನರಿಗೆ ಮುಟ್ಟಿಸುತ್ತದೆ.

ಬಂಧುಗಳೇ, ಎಲ್ಲವೂ ವಿಧಿಲಿಖಿತವೆಂದು ಕೈಕಟ್ಟಿ ಕೂರುವುದು ತವಕ್ಕುಲ್ ಅಲ್ಲ. ಪ್ರವಾದಿ ನೂಹ್(ಅ) ನೌಕೆ ಕಟ್ಟಿದ್ದು ಪ್ರಳಯ ಬರುವ ಮುಂಚೆ. ಪ್ರವಾದಿ ಯೂಸುಫ್(ಅ) ಧಾನ್ಯ ಕೂಡಿಟ್ಟದ್ದು ಸಮೃದ್ಧಿಯ ವರ್ಷಗಳಲ್ಲಿ. ಅಲ್ಲಾಹನ ಮೇಲೆ ಅವರಿಗಿಂತ ಹೆಚ್ಚಿನ ಭರವಸೆ ನಮಗಿದೆಯೇ? ಇನ್ನು ಕೆಲವರು ಅನ್ಯರ ದುರಂತವನ್ನು ದೇವಶಿಕ್ಷೆಯೆಂದು ಸಾರುವ ಆತುರ ತೋರುತ್ತಾರೆ. ಕೆಸರಿನಲ್ಲಿ ಮಗುವಿಗಾಗಿ ಹುಡುಕುತ್ತಿರುವ ತಾಯಿಯ ಮುಂದೆ ತೀರ್ಪು ಹೇಳುವ ಅಧಿಕಾರವನ್ನು ನಮಗೆ ಯಾರೂ ಕೊಟ್ಟಿಲ್ಲ. ನಮಗೆ ವಹಿಸಿರುವುದು ಸೇವೆಯನ್ನು.

2009ರಲ್ಲಿ ಉತ್ತರ ಕರ್ನಾಟಕ, 2018ರಲ್ಲಿ ಕೊಡಗು ಪ್ರವಾಹದ ಭೀಕರತೆಯನ್ನು ಕಂಡಿವೆ. ಆದ್ದರಿಂದ ಪ್ರತಿಯೊಂದು ಜಮಾಅತ್ ಮಳೆಗಾಲಕ್ಕೆ ಮುನ್ನ ಕೆಲವು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ. ಮೊಹಲ್ಲಾದಲ್ಲಿ ತಗ್ಗು ಪ್ರದೇಶದ ಮನೆಗಳು ಯಾವುವು? ನಡೆಯಲಾಗದ ವೃದ್ಧರು, ಗರ್ಭಿಣಿಯರು, ಅಂಗವಿಕಲರು ಎಲ್ಲಿದ್ದಾರೆ? ಅವರನ್ನು ಕರೆತರುವವರು ಯಾರು? ಎತ್ತರದಲ್ಲಿರುವ ಶಾಲೆ ಅಥವಾ ಮದ್ರಸದ ಬೀಗದ ಕೈ ಯಾರ ಬಳಿ ಇದೆ? ಸ್ತ್ರೀಯರಿಗೆ ಪ್ರತ್ಯೇಕ ಶೌಚಾಲಯವಿದೆಯೇ? ಈ ಪಟ್ಟಿಯಲ್ಲಿ ನೆರೆಯ ಹಿಂದೂ, ಕ್ರೈಸ್ತ ಮನೆಗಳೂ ಇರಲೇಬೇಕು. ಎಚ್ಚರಿಕೆಯನ್ನು ಜನರಾಡುವ ಕನ್ನಡ, ತುಳು, ಬ್ಯಾರಿ, ಉರ್ದುವಿನಲ್ಲಿಯೇ ಹೇಳಬೇಕು. ಸಂಗ್ರಹಿಸಿದ ನಿಧಿಯ ಲೆಕ್ಕವನ್ನು ಮಸೀದಿಯ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು.

ನೀರು ಇಳಿದ ಮೇಲೆ ಹಂಚುವ ಅನ್ನದ ಪೊಟ್ಟಣವು ಪುಣ್ಯಕಾರ್ಯವೇ. ಆದರೆ ನೀರು ಏರುವ ಮುಂಚೆ ಒಂದು ಬಾಗಿಲನ್ನು ತಟ್ಟಿ ಒಬ್ಬ ವೃದ್ಧೆಯನ್ನು ಹೊರಗೆ ಕರೆತರುವ ಕೈಗೆ ಬೆಲೆ ಕಟ್ಟಲಾಗದು. ಅಂತಹ ಕೈಗಳನ್ನು ಅಲ್ಲಾಹನು ನಮ್ಮೆಲ್ಲರಿಗೂ ದಯಪಾಲಿಸಲಿ. ಆಮೀನ್.