ದೊಡ್ಡವರು ಕಂಡ ಬೆಳಕು

(ಸಂಘದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಈ ವಿಷಯವನ್ನು ನಾನಾಗಿ ಆರಿಸಿಕೊಂಡದ್ದಲ್ಲ. ಹಿಂದಿನ ಗೋಷ್ಠಿ ಮುಗಿದು ಚಹಾ ಕುಡಿಯುತ್ತಿದ್ದಾಗ ನಮ್ಮ ಯುವ ಸದಸ್ಯರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. "ಚಂದ್ರನ ಮೇಲೆ ನಡೆದು ಬಂದವರೇ ಅನ್ಯಲೋಕದವರು ಭೂಮಿಗೆ ಬಂದಿದ್ದಾರೆ ಎನ್ನುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದವರೇ ಹಾರುವ ತಟ್ಟೆಯನ್ನು ಕಂಡಿದ್ದಾರೆ. ಅಂಥವರು ಹೇಳಿದ ಮೇಲೂ ನಂಬುವುದಿಲ್ಲವೆಂದರೆ ಅದು ಹಠವಲ್ಲವೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ನಿಂತಲ್ಲೇ ಎರಡು ಮಾತಿನಲ್ಲಿ ತಳ್ಳಿಹಾಕುವಂಥದ್ದಲ್ಲ. ಆದುದರಿಂದ ಕಾರ್ಯದರ್ಶಿಗಳು ಇಂದು ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ.

ಮೊದಲು ಹೆಸರಿನ ವಿಚಾರ. 1947ರ ಜೂನ್ 24ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಸಮೀಪ ಕೆನೆತ್ ಆರ್ನಲ್ಡ್ ಎಂಬ ಖಾಸಗಿ ವೈಮಾನಿಕ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ಅವು ನೀರಿನ ಮೇಲೆ ಎಸೆದ ತಟ್ಟೆ ಪುಟಿಯುವಂತೆ ಚಲಿಸಿದವು ಎಂಬುದು ಅವನ ವಿವರಣೆ. ಅವನ ಹೋಲಿಕೆ ಚಲನೆಗೆ ಸಂಬಂಧಿಸಿದ್ದು, ಆಕಾರಕ್ಕಲ್ಲ. ಪತ್ರಿಕೆಗಳು ಅದನ್ನು 'ಹಾರುವ ತಟ್ಟೆ' ಎಂದು ಕರೆದವು. ಆಮೇಲೆ ಜನರು ಆಕಾಶದಲ್ಲಿ ತಟ್ಟೆಗಳನ್ನೇ ಕಾಣತೊಡಗಿದರು! ಕಣ್ಣು ಕಾಣುವುದಕ್ಕೆ ಮುನ್ನವೇ ಕಿವಿ ಕೇಳಿದ ಪದ ಹೋಗಿ ಕುಳಿತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನು ಅಧ್ಯಕ್ಷರ ಕಥೆ. ಜಿಮ್ಮಿ ಕಾರ್ಟರ್ ಅವರು ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದಾಗ, 1973ರಲ್ಲಿ, ಲಿಖಿತ ವರದಿಯೊಂದನ್ನು ಸಲ್ಲಿಸಿದರು. ಲಿಯರಿ ಎಂಬ ಸಣ್ಣ ಊರಿನಲ್ಲಿ ಲಯನ್ಸ್ ಕ್ಲಬ್ಬಿನ ಸಭೆ ಆರಂಭವಾಗುವುದಕ್ಕೆ ಮುನ್ನ, ಹತ್ತು ಹನ್ನೆರಡು ಜನರ ಜೊತೆ ಹೊರಗೆ ನಿಂತಿದ್ದಾಗ, ಪಶ್ಚಿಮದ ಆಕಾಶದಲ್ಲಿ ಪ್ರಖರವಾದ ಬೆಳಕೊಂದನ್ನು ಕಂಡೆವು. ಅದು ಬಣ್ಣ ಬದಲಿಸಿತು, ಹತ್ತಿರ ಬಂದಂತೆ, ದೂರ ಸರಿದಂತೆ ತೋರಿತು ಎಂಬುದು ವರದಿಯ ಸಾರ. ಕಾರ್ಟರ್ ಸಾಮಾನ್ಯರಲ್ಲ. ನೌಕಾಪಡೆಯಲ್ಲಿದ್ದವರು, ಪರಮಾಣು ವಿಜ್ಞಾನದ ತರಬೇತಿ ಪಡೆದವರು. ಸುಳ್ಳು ಹೇಳುವ ಜಾಯಮಾನದವರಲ್ಲವೆಂದು ವಿರೋಧಿಗಳೂ ಒಪ್ಪುವಂಥವರು. ಸಾಕ್ಷಿಯಾಗಿ ಇವರಿಗಿಂತ ಉತ್ತಮರನ್ನು ಎಲ್ಲಿ ತರೋಣ?

ಆದರೆ ರಾಬರ್ಟ್ ಶೇಫರ್ ಎಂಬ ಸಂಶೋಧಕರು ಮಾಡಿದ ಕೆಲಸ ನೋಡಿ. ಅವರು ಕಾರ್ಟರರ ವ್ಯಕ್ತಿತ್ವವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಲಯನ್ಸ್ ಕ್ಲಬ್ಬಿನ ದಾಖಲೆಗಳನ್ನು ತೆಗೆಸಿ ನೋಡಿದರು. ವರದಿಯಲ್ಲಿ ಕಾರ್ಟರ್ 1969ರ ಅಕ್ಟೋಬರ್ ಎಂದು ಬರೆದಿದ್ದರು. ದಾಖಲೆಯ ಪ್ರಕಾರ ಆ ಸಭೆ ನಡೆದದ್ದು 1969ರ ಜನವರಿ 6ರಂದು! ಸತ್ಯವಂತರ ನೆನಪೂ ನಾಲ್ಕು ವರ್ಷಗಳಲ್ಲಿ ಒಂಬತ್ತು ತಿಂಗಳು ಜಾರಿತ್ತು. ಸರಿಯಾದ ದಿನಾಂಕ ಸಿಕ್ಕಿದ ಮೇಲೆ ಆ ಸಂಜೆಯ ಆಕಾಶವನ್ನು ಲೆಕ್ಕ ಹಾಕಬಹುದಾಯಿತು. ಅವರು ಹೇಳಿದ ದಿಕ್ಕಿಗೆ ಹತ್ತಿರದಲ್ಲೇ ಶುಕ್ರಗ್ರಹ ಬೆಳಗುತ್ತಿತ್ತು. ಆ ಬೆಳಕು ಕೆಲವು ನೂರು ಗಜಗಳ ದೂರದಲ್ಲಿತ್ತೆಂದು ಕಾರ್ಟರ್ ಅಂದಾಜು ಮಾಡಿದ್ದರು. ಶುಕ್ರನಾಗಿದ್ದರೆ ಅದು ಕೋಟ್ಯಂತರ ಕಿಲೋಮೀಟರ್ ಆಚೆಗಿತ್ತು. ಕತ್ತಲಲ್ಲಿ ಒಂಟಿ ಬೆಳಕಿನ ದೂರವನ್ನು ಅಳೆಯುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಅಧ್ಯಕ್ಷರ ಕಣ್ಣಿಗೂ ಇಲ್ಲ.

ತಮಗೆ ಶುಕ್ರಗ್ರಹದ ಪರಿಚಯವಿದೆ, ಅದು ಶುಕ್ರನಲ್ಲ ಎಂದು ಕಾರ್ಟರ್ ಒಪ್ಪಲಿಲ್ಲ. ಅವರ ಮಾತನ್ನೂ ಕಡೆಗಣಿಸುವಂತಿಲ್ಲ. ಏಕೆಂದರೆ ಬಹುಕಾಲದ ನಂತರ ಇನ್ನೊಂದು ವಿವರಣೆ ಬಂದಿತು. ಅದೇ ಸಂಜೆ ನೆರೆಯ ಫ್ಲಾರಿಡಾದ ಎಗ್ಲಿನ್ ವಾಯುನೆಲೆಯಿಂದ ರಾಕೆಟ್ಟೊಂದು ಹಾರಿ ಮೇಲಿನ ವಾತಾವರಣದಲ್ಲಿ ಬೇರಿಯಂ ಮೋಡವನ್ನು ಬಿಟ್ಟಿತ್ತು. ಅಂಥ ಮೋಡ ಬಿಸಿಲು ತಾಗಿ ಹೊಳೆಯುತ್ತದೆ, ಬಣ್ಣ ಬದಲಿಸುತ್ತದೆ. ಎರಡರಲ್ಲಿ ಯಾವುದು ಸರಿ ಎಂಬ ಚರ್ಚೆ ಇರಲಿ. ನಾವು ಗಮನಿಸಬೇಕಾದ ಅಂಶವೆಂದರೆ, ಎರಡನ್ನೂ ಸಾಧ್ಯವಾಗಿಸಿದ್ದು ಕಾರ್ಟರರ ಕೀರ್ತಿಯಲ್ಲ, ಸಭಾ ದಾಖಲೆಯ ಒಂದು ದಿನಾಂಕ.

ಅವರು ಅಧ್ಯಕ್ಷರಾದ 1977ರಲ್ಲಿಯೇ ಅವರ ವಿಜ್ಞಾನ ಸಲಹೆಗಾರರು ಈ ವಿಷಯದಲ್ಲಿ ಹೊಸ ವಿಚಾರಣೆ ನಡೆಸುವಂತೆ ನಾಸಾವನ್ನು ಕೇಳಿದರು. ಪರಿಶೀಲಿಸಲು ಭೌತಿಕ ಪುರಾವೆಗಳೇ ಇಲ್ಲವೆಂದು ನಾಸಾ ವಿನಯದಿಂದಲೇ ನಿರಾಕರಿಸಿತು. ಇನ್ನೂ ಮುಖ್ಯವಾದ ಮಾತೊಂದಿದೆ. ಅನ್ಯಲೋಕದವರನ್ನು ಕಂಡೆನೆಂದು ಕಾರ್ಟರ್ ಎಂದೂ ಹೇಳಲಿಲ್ಲ. ತಾವು ಕಂಡದ್ದು ಏನೆಂದು ತಮಗೆ ತಿಳಿಯಲಿಲ್ಲ ಎಂದಷ್ಟೇ ಹೇಳಿದರು. 'ಗುರುತಿಸಲಾಗದ ವಸ್ತು' ಎಂದರೆ ಅಷ್ಟೇ ಅರ್ಥ. ಅದನ್ನು 'ಅನ್ಯಲೋಕದ ವಾಹನ' ಎಂದು ಓದಿಕೊಂಡವರು ನಾವು.

ಇನ್ನು ಚಂದ್ರನ ಮೇಲೆ ನಡೆದವರು. ಎಡ್ಗರ್ ಮಿಚೆಲ್ 1971ರಲ್ಲಿ ಅಪೊಲೊ 14ರಲ್ಲಿ ಹೋಗಿ ಚಂದ್ರನ ಮೇಲೆ ಕಾಲಿಟ್ಟ ಆರನೆಯ ಮಾನವ. ಅನ್ಯಲೋಕದವರು ಬಂದಿರುವುದು ನಿಜ, ಸರ್ಕಾರಗಳು ಮುಚ್ಚಿಟ್ಟಿವೆ ಎಂದು 2008ರಲ್ಲಿ ಅವರು ಬಾನುಲಿ ಸಂದರ್ಶನದಲ್ಲಿ ಹೇಳಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚುಹಾಕಿದವು. ಓದಿದವರಿಗೆ ಅನಿಸಿದ್ದೇನು? ಇವರು ಬಾಹ್ಯಾಕಾಶದಲ್ಲಿ ಏನೋ ಕಂಡಿದ್ದಾರೆ ಎಂದು. ಆದರೆ ತಾವು ಸ್ವತಃ ಯಾವ ಹಾರುವ ತಟ್ಟೆಯನ್ನೂ ಕಂಡಿಲ್ಲವೆಂದು ಮಿಚೆಲ್ ಅವರೇ ಒಪ್ಪಿಕೊಂಡಿದ್ದರು. ಅವರ ಮಾತಿಗೆ ಆಧಾರ, ತಾವು ಬೆಳೆದ ನ್ಯೂಮೆಕ್ಸಿಕೊ ಪ್ರಾಂತದ ಹಳಬರು ಮತ್ತು ಕೆಲವು ಸೇನಾ ಪರಿಚಿತರು ಹೇಳಿದ ಸಂಗತಿಗಳು. ಅಂದರೆ ಚಂದ್ರನಲ್ಲಿಗೆ ಹೋಗಿ ಬಂದವರು ಹೇಳಿದ್ದು ಊರಿನ ಕಟ್ಟೆಯ ಮೇಲೆ ಕೇಳಿದ ಮಾತು! ಕೆನಡಾದ ರಕ್ಷಣಾ ಸಚಿವರಾಗಿದ್ದ ಪಾಲ್ ಹೆಲಿಯರ್ 2005ರಲ್ಲಿ ಇಂಥದೇ ಘೋಷಣೆ ಮಾಡಿದರು. ಅವರನ್ನು ಅದಕ್ಕೆ ಪ್ರೇರೇಪಿಸಿದ್ದು ಅಧಿಕಾರದಲ್ಲಿದ್ದಾಗ ಕಂಡ ಕಡತವಲ್ಲ, ಬಹುಮಟ್ಟಿಗೆ ನಿವೃತ್ತಿಯ ನಂತರ ಓದಿದ ಒಂದು ಪುಸ್ತಕ.

"ಸರ್ಕಾರ ಮುಚ್ಚಿಟ್ಟಿದೆ" ಎಂಬ ಸಂಶಯ ಪೂರಾ ಹುರುಳಿಲ್ಲದ್ದೇನೂ ಅಲ್ಲ. ನ್ಯೂಮೆಕ್ಸಿಕೊದ ರಾಸ್‌ವೆಲ್ ಬಳಿ 1947ರಲ್ಲಿ ಸಿಕ್ಕ ಅವಶೇಷಗಳ ವಿಷಯದಲ್ಲಿ ಅಮೆರಿಕದ ಸೇನೆ ಮೊದಲು ಒಂದು ಹೇಳಿ ಮರುದಿನ ಇನ್ನೊಂದು ಹೇಳಿತು. 1994ರಲ್ಲಿ ವಾಯುಪಡೆ ವರದಿ ಪ್ರಕಟಿಸಿದಾಗ ತಿಳಿದದ್ದು, ಸೋವಿಯತ್ ಅಣುಪರೀಕ್ಷೆಗಳನ್ನು ಪತ್ತೆಹಚ್ಚಲು ಹಾರಿಬಿಡುತ್ತಿದ್ದ 'ಮೊಗಲ್' ಎಂಬ ಗುಪ್ತ ಯೋಜನೆಯ ಬಲೂನುಗಳ ವಿಷಯ. ಮುಚ್ಚಿಟ್ಟದ್ದು ನಿಜ, ಮುಚ್ಚಿಟ್ಟದ್ದು ಮಾತ್ರ ಬೇರೆ. ಸರ್ಕಾರ ಸುಳ್ಳು ಹೇಳಿದೆ ಎಂದ ಮಾತ್ರಕ್ಕೆ ನಮಗೆ ಪ್ರಿಯವಾದ ಕಥೆ ಸತ್ಯವಾಗುವುದಿಲ್ಲ.

ಅಮೆರಿಕದ ವಾಯುಪಡೆ 'ಬ್ಲೂ ಬುಕ್' ಯೋಜನೆಯಡಿ 1969ರವರೆಗೆ ಕಲೆಹಾಕಿದ ಪ್ರಕರಣಗಳು 12,618. ಅವುಗಳಲ್ಲಿ 701 ಬಗೆಹರಿಯದೆ ಉಳಿದವು. ಈ 701ನ್ನೇ ಹಿಡಿದು ವಾದಿಸುವವರಿದ್ದಾರೆ. ನಮ್ಮ ಪೋಲೀಸು ಠಾಣೆಗಳಲ್ಲಿ ಪತ್ತೆಯಾಗದ ಕಳವಿನ ಪ್ರಕರಣಗಳು ಎಷ್ಟಿಲ್ಲ? ಅವನ್ನೆಲ್ಲ ಭೂತಗಳು ಕದ್ದವೆಂದು ಯಾರೂ ಹೇಳುವುದಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ಕೊಡುತ್ತೇನೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖಿನ ಗಡಿಯಲ್ಲಿ, ಸರೋವರವೊಂದರ ಮೇಲೆ, ನಮ್ಮ ಸೈನಿಕರು ಹೊಳೆಯುವ ವಸ್ತುಗಳನ್ನು 329 ಬಾರಿ ಕಂಡು ದಾಖಲಿಸಿದರು. ಚೀನಾದ ಬೇಹುಗಾರಿಕೆಯ ಯಂತ್ರಗಳೆಂಬ ಅನುಮಾನ ಬಂದಿತು. ಸೇನೆ ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ನೆರವು ಕೇಳಿತು. ವಿಜ್ಞಾನಿಗಳು ಪರಿಶೀಲಿಸಿ, ಅವು ಗುರು ಮತ್ತು ಶುಕ್ರ ಗ್ರಹಗಳು ಎಂದು ತಿಳಿಸಿದರು. ಅಷ್ಟು ಎತ್ತರದ ತೆಳುಗಾಳಿಯಲ್ಲಿ ಗ್ರಹಗಳು ಇನ್ನಷ್ಟು ಪ್ರಖರವಾಗಿ ಕಾಣುತ್ತವೆ. ಇದರಲ್ಲಿ ಸೈನಿಕರು ನಾಚಬೇಕಾದ್ದೇನೂ ಇಲ್ಲ. ಕಂಡದ್ದನ್ನು ಬರೆದಿಟ್ಟರು, ತಿಳಿದವರನ್ನು ಕೇಳಿದರು, ಉತ್ತರವನ್ನು ಪಡೆದರು. ಇಡೀ ಪ್ರಕರಣದಲ್ಲಿ ಯಾವ ಖ್ಯಾತನಾಮರ ಸಾಕ್ಷಿಯೂ ಬೇಕಾಗಲಿಲ್ಲ.

ನಮ್ಮ ತಾರ್ಕಿಕರು ಈ ಸಮಸ್ಯೆಯನ್ನು ಎಂದೋ ಕಂಡಿದ್ದರು. ನ್ಯಾಯದರ್ಶನದಲ್ಲಿ ಶಬ್ದವೂ ಒಂದು ಪ್ರಮಾಣ. ಆದರೆ ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ವಿಷಯವನ್ನು ತಾನೇ ನೇರವಾಗಿ ಅರಿತವನು, ಅರಿತಂತೆ ಹೇಳುವ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗಾಗಲಿ ಮ್ಲೇಚ್ಛನಿಗಾಗಲಿ ಒಂದೇ ಎಂಬುದು ಭಾಷ್ಯಕಾರ ವಾತ್ಸ್ಯಾಯನನ ನಿಲುವು. ಅಂದರೆ ಪದವಿಯಿಂದ ಯಾರೂ ಆಪ್ತರಾಗುವುದಿಲ್ಲ. ಮಿಚೆಲ್ ಚಂದ್ರನ ಮಣ್ಣಿನ ವಿಷಯದಲ್ಲಿ ಆಪ್ತರು; ರಾಸ್‌ವೆಲ್ಲಿನ ವಿಷಯದಲ್ಲಿ ಅಲ್ಲ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಹೇಳಬೇಕಾಗಿದೆ. 1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ದಿನ ಇಲ್ಲಿ ಅನೇಕರಿಗೆ ನೆನಪಿರಬಹುದು. ಅಂದು ಮುಂಬಯಿಯಲ್ಲಿ ನಾನು ಗೌರವಿಸುತ್ತಿದ್ದ ಹಿರಿಯ ಅಧಿಕಾರಿಯೊಬ್ಬರು ದೂರವಾಣಿ ಮಾಡಿ, ತಾವು ಕಣ್ಣಾರೆ ಕಂಡುದಾಗಿ ತಿಳಿಸಿದರು. ನಾನೂ ಸಾಲಿನಲ್ಲಿ ನಿಂತೆ. ಚಮಚ ಹಿಡಿದೆ. ಹಾಲು ಬರಿದಾಯಿತು. ಸಂಜೆ ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಮಾಡಿ ಹೇಳಿದೆ. ಧಾರವಾಡದ ಕಡೆಯ ನಮ್ಮ ಸಣ್ಣ ಹಳ್ಳಿಯಲ್ಲಿ ಆ ಸುದ್ದಿ ನನ್ನ ಹೆಸರಿನೊಡನೆ ಮನೆಮನೆಗೆ ಹೋಯಿತು.

ಅಂದು ರಾತ್ರಿ ಗುಡಿಯ ಮುಂದೆ ನನ್ನ ಶಾಲೆಯ ಮಾಸ್ತರರು, ನನಗೆ ವಿಜ್ಞಾನ ಕಲಿಸಿದವರು, ದ್ರವದ ಮೇಲ್ಮೈ ಎಳೆತದಿಂದ ಹಾಲು ಮೂರ್ತಿಯ ಮೈಮೇಲೆ ತೆಳುವಾಗಿ ಇಳಿದುಹೋಗುತ್ತದೆ ಎಂದು ವಿವರಿಸಲು ನಿಂತಿದ್ದರಂತೆ. "ಮುಂಬಯಿಯಲ್ಲಿ ದೊಡ್ಡ ನೌಕರಿಯಲ್ಲಿರುವ ನಿಮ್ಮ ಶಿಷ್ಯನೇ ಕಣ್ಣಾರೆ ಕಂಡಾನ. ನೀವೇನು ಹೇಳ್ತೀರಿ?" ಎಂದು ಜನ ಅವರ ಬಾಯಿ ಮುಚ್ಚಿಸಿದರು. ಮರುದಿನದ ಪತ್ರಿಕೆಗಳಲ್ಲಿ ದೆಹಲಿಯ ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ ಅದು ಮೂರ್ತಿಯ ಮೇಲೆ ಹರಿಯುವುದನ್ನು ತೋರಿಸಿದ ಸುದ್ದಿ ಬಂದಿತು. ದೀಪಾವಳಿಗೆ ಊರಿಗೆ ಹೋದಾಗ ಮಾಸ್ತರರ ಮನೆಗೆ ಹೋಗಿ ತಲೆತಗ್ಗಿಸಿ ಕುಳಿತೆ. ಅವರು ಬೈಯಲಿಲ್ಲ. "ನೀ ಕಂಡದ್ದು ಚಮಚ ಬರಿದಾದದ್ದು. ಗಣಪತಿ ಕುಡಿದದ್ದನ್ನ ನೀ ಕಾಣಲಿಲ್ಲ. ಅದನ್ನ ನೀ ಕೂಡಿಸಿದಿ" ಎಂದರು. ಇಂದಿನ ನನ್ನ ಉಪನ್ಯಾಸದ ಸಾರವೆಲ್ಲ ಆ ಮೂರು ವಾಕ್ಯಗಳಲ್ಲಿದೆ.

ಬಂಧುಗಳೇ, ಹೊರನಾಡಿನಲ್ಲಿರುವ ನಾವು ಪ್ರತಿಯೊಬ್ಬರೂ ನಮ್ಮ ನಮ್ಮ ಊರಿನ ಪಾಲಿಗೆ ಒಂದಿಷ್ಟು ಖ್ಯಾತನಾಮರೇ. ದೂರದ ನಗರದಲ್ಲಿರುವವನು ಹೇಳಿದ ಎಂದರೆ ಆ ಮಾತಿಗೆ ತೂಕ ಬರುತ್ತದೆ. ಈಗಂತೂ ದೂರವಾಣಿಯ ತೆರೆಯ ಮೇಲೆ ಬೆರಳೊತ್ತಿದರೆ ಸಾಕು, ಮಾತು ನೂರು ಮನೆಗೆ ಹೋಗುತ್ತದೆ. ಆದುದರಿಂದ ದೊಡ್ಡವರ ಮಾತನ್ನು ಪರೀಕ್ಷಿಸುವ ಹೊಣೆಯ ಜೊತೆಗೆ, ನಮ್ಮ ಮಾತನ್ನು ಪರೀಕ್ಷೆಗೆ ಒಡ್ಡುವ ಹೊಣೆಯೂ ನಮ್ಮದು. ಇವರು ತಾವೇ ಕಂಡರೋ, ಕೇಳಿದರೋ? ಎಂದು ಬರೆದಿಟ್ಟರು? ಜೊತೆಯಲ್ಲಿದ್ದವರು ಏನು ಹೇಳುತ್ತಾರೆ? ಕಂಡದ್ದೆಷ್ಟು, ಕೂಡಿಸಿದ್ದೆಷ್ಟು? ಇಷ್ಟು ಕೇಳಿದರೆ ಸಾಕು.

ಕೇಳುವಾಗ ಗೇಲಿ ಮಾತ್ರ ಬೇಡ. ಕಳಂಕದ ಭಯದಿಂದ ವೈಮಾನಿಕರು ಕಂಡದ್ದನ್ನು ಹೇಳದೆ ಉಳಿಯುತ್ತಾರೆ, ಅದರಿಂದ ಮಾಹಿತಿಯೇ ನಷ್ಟವಾಗುತ್ತದೆ ಎಂದು ನಾಸಾ ನೇಮಿಸಿದ ತಜ್ಞರ ಸಮಿತಿ 2023ರ ವರದಿಯಲ್ಲಿ ಹೇಳಿದೆ. ಅದೇ ವರದಿ, ಇವು ಅನ್ಯಲೋಕದವು ಎನ್ನಲು ಆಧಾರ ಕಂಡುಬಂದಿಲ್ಲವೆಂದೂ ಹೇಳಿದೆ. ವಿಶಾಲವಾದ ಈ ವಿಶ್ವದಲ್ಲಿ ಬೇರೆಲ್ಲೋ ಜೀವವಿರಬಹುದು. ನಾನು ಅದನ್ನು ಅಲ್ಲಗಳೆಯುವವನಲ್ಲ. ಪುರಾವೆ ಬಂದ ದಿನ ಈ ಸಭೆಯಲ್ಲಿ ಮೊದಲು ಚಪ್ಪಾಳೆ ತಟ್ಟುವವನು ನಾನೇ.

ಪವಾಡಗಳನ್ನು ಪರಿಶೀಲಿಸಲು 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಸಮಿತಿ ರಚಿಸಿದಾಗ ಅವರನ್ನೂ ಹಠಮಾರಿ ಎಂದವರುಂಟು. ಪ್ರಶ್ನೆ ಕೇಳುವುದು ಹಠವಲ್ಲ. ಉತ್ತರ ಬಂದ ಮೇಲೂ ಒಪ್ಪದಿರುವುದು ಹಠ. ನನ್ನನ್ನು ತಡೆದು ಕೇಳಿದ ಯುವಮಿತ್ರರಿಗೆ ಇದೇ ನನ್ನ ಉತ್ತರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರೇ ಗಾದೆ ಕಟ್ಟಿದ್ದಾರೆ. ಇನ್ನೊಬ್ಬರು ಕಂಡದ್ದಾದರೆ ಇನ್ನೂ ಒಂದು ಸಲ ಹೆಚ್ಚಿಗೆ ನೋಡೋಣ.